ಅಕ್ಕನ ನಂಬರಿಗೆ ನಾನು ಓಗೊಟ್ಟ ಬೆಳಿಗ್ಗೆ

ಆ ಭಾನುವಾರ ಅಕ್ಕ ನನ್ನ ತಲೆ ಬಾಚಿದಳು. ಕಾಫಿ ಕುಯ್ಲಿನ ಕಾಲದಲ್ಲಿ ತಲೆಗೆ ನೀರು ಹಾಕಿಕೊಳ್ಳಲು ವಾರಕ್ಕೆ ಅದೊಂದೇ ದಿನ ಬಿಡುವು. ಆರು ದಿನ ಗಿಡಗಳ ನಡುವೆ ನಿಂತು ಹಣ್ಣು ಬಿಡಿಸಿದರೆ ಒಣಗಿದ ಎಲೆಯ ಚೂರು, ಜೇಡರ ಬಲೆ, ಸತ್ತ ಕೆಂಜಿಗ ಎಲ್ಲವೂ ಕೂದಲಲ್ಲಿ ಸೇರಿಕೊಂಡಿರುತ್ತಿದ್ದವು. ನಾವು ಲೈನಿನ ಹಿಂದಿನ ಕಲ್ಲಿನ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದೆವು. ಒಂದೇ ಮಾಡಿನ ಕೆಳಗೆ ಹತ್ತು ಮನೆ, ಹತ್ತು ಮನೆಗೂ ಒಂದೇ ನಲ್ಲಿ. ಅದನ್ನೇ ಲೈನು ಎನ್ನುತ್ತಿದ್ದೆವು.

"ನಿನ್ ತಲೇಲಿ ಒಂದ್ ಎಸ್ಟೇಟೇ ಅದೆ ಕಣೇ" ಎಂದಳು ಅಕ್ಕ. "ಒಬ್ಬ ರೈಟರ್‍ನ ಇಟ್ಟುಬುಟ್ರೆ ಆಯ್ತು."

"ಮೆಲ್ಲಗೆ ಎಳಿಯೇ, ನೋಯ್ತದೆ."

"ನೋಯ್ಲಿ. ನೋವಾದ್ರೇನೇ ಜಡೆ ಉದ್ದ ಬೆಳೆಯೋದು."

ಅವ್ವ ಒಳಗಿನಿಂದ ಕೂಗಿದಳು. "ಆಯ್ತೇನ್ರೇ ನಿಮ್ ಸಿಂಗಾರ? ಸಂತೆ ಜೀಪು ಹೊಂಟೋದ್ರೆ ನಡ್ಕಂಡ್ ಹೋಗ್ಬೇಕಾಯ್ತದೆ!"

ಅಕ್ಕನಿಗೆ ಆಗ ಹತ್ತೊಂಬತ್ತು, ನನಗೆ ಹದಿನಾರು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲಿ ಫೇಲಾಗಿ ಆ ವರ್ಷವೇ ಕುಯ್ಲಿಗೆ ಸೇರಿದ್ದೆ. ಅಪ್ಪ, ಅವ್ವ ಪಿರಿಯಾಪಟ್ಟಣದ ಕಡೆಯಿಂದ ಮದುವೆಯಾದ ಹೊಸದರಲ್ಲೇ ಪಾಲಿಬೆಟ್ಟದ ಈ ಎಸ್ಟೇಟಿಗೆ ಬಂದವರು. ನಾವಿಬ್ಬರೂ ಹುಟ್ಟಿದ್ದು ಲೈನಿನಲ್ಲೇ. ಅಪ್ಪ ಗಂಡಾಳುಗಳ ಮೇಸ್ತ್ರಿ. ನೀರು ಹಾಯಿಸುವ, ಮರದ ಕೊಂಬೆ ಕಡಿದು ಕಪಾತು ಮಾಡುವ ಆಳುಗಳನ್ನು ಕರೆದುಕೊಂಡು ಬೆಳಿಗ್ಗೆ ಆರು ಗಂಟೆಗೇ ಹೊರಟುಬಿಡುತ್ತಿದ್ದ. ಅವ್ವನಿಗೆ ಕಣದಲ್ಲಿ ಕಾಫಿ ಒಣಗಿಸುವ ಕೆಲಸ. ಹಣ್ಣು ಬಿಡಿಸುವ ಹೆಣ್ಣಾಳುಗಳ ಗುಂಪಿನಲ್ಲಿ ನಮ್ಮ ಮನೆಯವರು ನಾನು ಮತ್ತು ಅಕ್ಕ ಇಬ್ಬರೇ.

ಸಂತೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಎಷ್ಟು ಸಲ ನೆನೆದರೂ ಏನೂ ಸಿಗುವುದಿಲ್ಲ. ಒಣಮೀನು ಕೊಂಡೆವು. ಅವ್ವ ಟೊಮೆಟೊ ಮಾರುವವನ ಜೊತೆ ಜಗಳವಾಡಿದಳು. ಅಕ್ಕ ಯಾರ ಜೊತೆಯೂ ನಿಂತು ಮಾತಾಡಿದ್ದನ್ನು ನಾನು ನೋಡಲಿಲ್ಲ. ಹಿಂದಕ್ಕೆ ಬರುವಾಗ ಜೀಪಿನಲ್ಲಿ ಜಾಗವಿಲ್ಲದೆ ಅವಳು ನನ್ನ ತೊಡೆಯ ಮೇಲೆ ಕುಳಿತಳು. "ನಿನ್ ಮೂಳೆ ಚುಚ್ತದೆ" ಎಂದು ದಾರಿಯುದ್ದಕ್ಕೂ ರೇಗಿಸಿದಳು.

ಸಾಯಂಕಾಲ ಅವಳು ಟ್ರಂಕಿನಿಂದ ಹಸಿರು ದಾವಣಿ ತೆಗೆದು, ಮಡಿಸಿ, ಚಾಪೆಯ ಕೆಳಗೆ ಇಟ್ಟಳು. ನಮ್ಮಲ್ಲಿ ಇಸ್ತ್ರಿ ಎಂದರೆ ಅದೇ. ರಾತ್ರಿ ನಾವು ಅದರ ಮೇಲೆ ಮಲಗಿದರೆ ಬೆಳಿಗ್ಗೆಗೆ ಮಡಿಕೆ ನೆಟ್ಟಗಾಗಿರುತ್ತಿತ್ತು.

"ನಾಳೆ ಏನ್ ಹಬ್ಬವಾ?" ಎಂದೆ.

ಅವಳು ಬಾಗಿಲ ಕಡೆ ನೋಡಿದಳು. ಅವ್ವ ನಲ್ಲಿಯ ಹತ್ತಿರ ಇದ್ದಳು. "ನಾಳೆ ನನ್ ನಂಬರ್‍ಗೂ ನೀನೇ ಕೂಗು. ಬೆಳಗ್ಗೆ ಒಂದ್ ಕಡೆ ಹೋಗ್ ಬರ್ತೀನಿ. ತೂಕದ ಹೊತ್ಗೆ ಬಂದ್ಬುಡ್ತೀನಿ."

"ಎಲ್ಗೆ?"

"ಬಂದ್ ಹೇಳ್ತೀನಿ. ಒಳ್ಳೇದೇ ಕಣೇ, ಮುಖ ಹಂಗ್ ಮಾಡ್ಬೇಡ."

ಅಷ್ಟೇ ಮಾತು. ನಾನು ಮತ್ತೆ ಕೇಳಲಿಲ್ಲ. ಅವಳು ಹೇಳಿದ್ದು ನನಗೆ ದೊಡ್ಡ ವಿಷಯವಾಗಿ ಕಾಣಲೂ ಇಲ್ಲ. ಯಾಕೆ ಎಂದು ಹೇಳಬೇಕಾದರೆ ನಮ್ಮ ಮಸ್ಟರಿನ, ಅಂದರೆ ಬೆಳಗಿನ ಹಾಜರಿಯ, ಬಗ್ಗೆ ಹೇಳಬೇಕು.

ಬೆಳಿಗ್ಗೆ ಏಳೂವರೆಗೆ ಸ್ಟೋರಿನ ಮುಂದೆ ತೂಗುಹಾಕಿದ ಕಂಬಿಯ ತುಂಡಿಗೆ ಬಡಿಯುತ್ತಿದ್ದರು. ನಾವೆಲ್ಲ ಸಾಲಾಗಿ ನಿಲ್ಲಬೇಕು. ಹಾಜರಿ ಮತ್ತು ತೂಕ ಬರೆಯುವ ರೈಟರು ಜಗುಲಿಯ ಮೇಲೆ ನಿಂತು ನಂಬರು ಕರೆಯುತ್ತಿದ್ದರು. ಹೆಸರು ಕರೆದರೆ ತಡವಾಗುತ್ತದೆಂದು ನಂಬರು. ಅಕ್ಕನದು ನಲವತ್ತೊಂದು, ನನ್ನದು ನಲವತ್ತೆರಡು. ಜನವರಿಯ ಮಂಜಿನಲ್ಲಿ ಎಲ್ಲರೂ ತಲೆಗೆ ಬಟ್ಟೆ ಸುತ್ತಿ, ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟು ನಿಂತರೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ರೈಟರೂ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಯಾರಿಗಾದರೂ ಮಗುವಿಗೆ ಜ್ವರವಿದ್ದರೆ, ಹೊಟ್ಟೆನೋವಿದ್ದರೆ, ಪಕ್ಕದವಳು ಅವಳ ನಂಬರಿಗೂ ಓಗೊಡುತ್ತಿದ್ದಳು. ದಿನವಿಡೀ ಇಬ್ಬರ ಹಣ್ಣನ್ನೂ ತಾನೇ ಬಿಡಿಸಿ ಎರಡು ಚೀಲಕ್ಕೆ ಹಂಚುತ್ತಿದ್ದಳು. ಅದನ್ನು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಅದು ಮೋಸ ಎಂದು ನಮಗೆ ಅನ್ನಿಸಿರಲಿಲ್ಲ. ಇವತ್ತು ನಿನ್ನದು, ನಾಳೆ ನನ್ನದು. ಲೈನಿನಲ್ಲಿ ಬದುಕುವುದೆಂದರೆ ಅದೇ ಆಗಿತ್ತು.

ಆದರೆ ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು. ಮೇಸ್ತ್ರಿಯ ಮನೆಯವರೇ ಸಿಕ್ಕಿಬಿದ್ದರೆ ಮೇಸ್ತ್ರಿಕೆ ಹೋಗುತ್ತಿತ್ತು, ಅದರ ಹಿಂದೆ ಮನೆಯೂ.

ಸೋಮವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಹೊರಟೆವು. ಪಂಪ್ ಶೆಡ್ಡಿನ ಹಿಂದೆ ಅವಳು ಬಟ್ಟೆ ಬದಲಾಯಿಸಿದಳು. ಮೇಲೆ ತೊಟ್ಟಿದ್ದ ಅಪ್ಪನ ನೀಲಿ ಚೌಕುಳಿ ಅಂಗಿಯನ್ನೂ ಹಳೆಯ ಲಂಗವನ್ನೂ ಸುತ್ತಿ ನನ್ನ ಕೈಗೆ ಕೊಟ್ಟಳು. ಹಸಿರು ದಾವಣಿಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿರುವಾಗಲೇ ಕಂಬಿಯ ಶಬ್ದ ಕೇಳಿಸಿತು.

"ಓಡು, ಓಡು" ಎಂದಳು. "ನನ್ ಚೀಲಕ್ಕೆ ಕಡ್ಡಿ, ಎಲೆ ತುಂಬಿಬುಟ್ಟೀಯ ಮತ್ತೆ. ನಂದು ಚೊಕ್ಕವಾಗಿರ್ಬೇಕು."

ಅದೇ ಕೊನೆಯ ಮಾತು. ಅವಳು ರಸ್ತೆಯ ಕಡೆ ಹೋಗುವ ಕಾಲುದಾರಿಗೆ ಇಳಿದಳು. ನಾನು ಓಡಿದೆ, ತಿರುಗಿ ನೋಡಲಿಲ್ಲ. ತಡವಾಗಿತ್ತು.

ನಲವತ್ತೊಂದು ಎಂದಾಗ ಸ್ವಲ್ಪ ದಪ್ಪ ದನಿಯಲ್ಲಿ "ಬಂದಿವ್ನಿ" ಎಂದೆ. ನಲವತ್ತೆರಡು ಎಂದಾಗ ನನ್ನ ದನಿಯಲ್ಲಿ ಇನ್ನೊಂದು ಸಲ.

ನಮ್ಮ ಪಕ್ಕದ ಸಾಲಿನಲ್ಲಿ ಒಬ್ಬಾಕೆ ಅಜ್ಜಿ ಹಣ್ಣು ಬಿಡಿಸುತ್ತಿದ್ದಳು. ತಮಿಳುನಾಡಿನ ಕಡೆಯವಳು, ಚಿಕ್ಕವರನ್ನೆಲ್ಲ "ಕಣ್ಣು" ಎಂದೇ ಕರೆಯುವವಳು. ಮಧ್ಯಾಹ್ನ ಗಿಡದ ಸಂದಿನಿಂದ ಇಣುಕಿ ನೋಡಿ ನಕ್ಕಳು.

"ಎನ್ನ ಕಣ್ಣು, ಎರಡ್ ಕೈಯಲ್ಲಿ ನಾಕ್ ಕೈ ಕೆಲ್ಸ? ಇನ್ನೊಂದ್ ಜೋಡಿ ಎಲ್ಲಿಗ್ ಹಾರಿ ಹೋಯ್ತು?"

"ಅಜ್ಜೀ, ಮೆಲ್ಲಗೆ."

"ನಾನ್ ಏನ್ ಹೇಳ್ದೆ? ನಂಗೆ ಕಣ್ಣೂ ಇಲ್ಲ, ಕಿವೀನೂ ಇಲ್ಲ." ಒಂದು ಬೊಗಸೆ ಹಣ್ಣನ್ನು ತನ್ನ ಪಾಲಿನಿಂದ ತೆಗೆದು ಅಕ್ಕನ ಚೀಲಕ್ಕೆ ಸುರಿದು ಹೋದಳು.

ಸಾಯಂಕಾಲ ನಾಲ್ಕೂವರೆಗೆ ತೂಕ. ಅಕ್ಕ ಬಂದಿರಲಿಲ್ಲ. ಇನ್ನೇನು ಬರುತ್ತಾಳೆ ಎಂದುಕೊಂಡೇ ಎರಡು ಚೀಲವನ್ನೂ ಎಳೆದುಕೊಂಡು ಹೋದೆ. ಅವಳ ಚೀಲದಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಅಷ್ಟು ಆರಿಸಿದ್ದೆ.

"ನಲವತ್ತೊಂದು ಎಲ್ಲಮ್ಮ?" ಎಂದರು ರೈಟರು, ಅಪರೂಪಕ್ಕೆ ತಲೆ ಎತ್ತಿ.

"ಕಾಲು ತೊಳ್ಯಕ್ಕೆ ಕೆರೆ ಹತ್ರ ಹೋದ್ಲು ರೈಟ್ರೇ. ಈಗ ಬತ್ತಾಳೆ."

ಅವರು ಬರೆದುಕೊಂಡರು. ಮುಂದೆ ಆದದ್ದೆಲ್ಲ ಆ ಒಂದು ಮಾತಿನಿಂದ ಆಯಿತು.

ಕತ್ತಲಾಗುವ ಹೊತ್ತಿಗೆ ಅಪ್ಪನಿಗೂ ಅವ್ವನಿಗೂ ನಾನು ಅದನ್ನೇ ಹೇಳಿದೆ. ಒಮ್ಮೆ ಹೇಳಿದ್ದನ್ನು ಬದಲಾಯಿಸುವ ಧೈರ್ಯ ನನಗೆ ಇರಲಿಲ್ಲ. ಅಕ್ಕ ಯಾವ ಕ್ಷಣದಲ್ಲಾದರೂ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಾಳೆ, ಎರಡು ಏಟು ತಿನ್ನುತ್ತಾಳೆ, ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಲೈನಿನ ಗಂಡಸರೆಲ್ಲ ಟಾರ್ಚು ಹಿಡಿದು ಕೆರೆಯ ಸುತ್ತ ಕೂಗುತ್ತಾ ಹೋದರು. ಮರುದಿನ ಕೆರೆಗೆ ಬಲೆ ಹಾಕಿದರು. ಅದರ ಮರುದಿನ ಎರಡು ಪಂಪು ಇಟ್ಟು ನೀರು ಎತ್ತಿದರು. ಕೆಸರು ಬಂತು, ಹಳೆಯ ಬಕೆಟ್ಟು ಬಂತು. ಅಪ್ಪ ಸೊಂಟದ ತನಕ ಕೆಸರಿನಲ್ಲಿ ನಿಂತು ಕೈಯಿಂದ ತಡಕುತ್ತಿದ್ದ. ನಾನು ದಂಡೆಯ ಮೇಲಿದ್ದೆ. ಅವಳು ಆ ಕೆರೆಯ ಹತ್ತಿರ ಬಂದೇ ಇರಲಿಲ್ಲ ಎಂಬುದು ಅಲ್ಲಿದ್ದ ಅಷ್ಟು ಜನರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನನಗೊಬ್ಬಳಿಗೇ ಎಂದು ಆಗ ಅಂದುಕೊಂಡಿದ್ದೆ. ಅಜ್ಜಿಗೂ ಗೊತ್ತಿತ್ತು. ನಮ್ಮ ಗುಂಪಿನ ಇನ್ನೂ ಮೂರು ನಾಲ್ಕು ಜನಕ್ಕೆ ಗೊತ್ತಿದ್ದಿರಬೇಕು. ಪೊಲೀಸರು ಕೇಳಿದಾಗ ಅವರೆಲ್ಲ "ಇದ್ಲು ಸಾರ್, ಸಾಯಂಕಾಲದವರ್ಗೂ ಇದ್ಲು" ಎಂದರು. ಮೇಸ್ತ್ರಿಯ ಮನೆ ಉಳಿಯಲಿ ಎಂದು ಅವರು ನನ್ನನ್ನು ಬಿಟ್ಟುಕೊಡಲಿಲ್ಲ. ಅವರ ಲೆಕ್ಕದಲ್ಲಿ ಅದು ಉಪಕಾರ.

ಒಬ್ಬನೇ ಒಬ್ಬ ಮನುಷ್ಯ ನಿಜ ಹೇಳಿದ. ಕಣದ ಕಾವಲಿನವನು. ಹೆಂಡತಿಯ ಜೊತೆ ಕೆರೆಯ ಏರಿಯ ಹತ್ತಿರದ ಗುಡಿಸಲಿನಲ್ಲಿ ಇದ್ದ. ಸೋಮವಾರ ಸಾಯಂಕಾಲ ಅವನು ಕೆರೆಯಲ್ಲಿ ಕೈಕಾಲು ತೊಳೆಯುತ್ತಿದ್ದುದನ್ನು ಯಾರೋ ನೋಡಿದ್ದರು. ಇನ್ಸ್‌ಪೆಕ್ಟರು ಕೇಳಿದಾಗ ಅವನು ಮಲಯಾಳ ಬೆರೆತ ಕನ್ನಡದಲ್ಲಿ ಹೇಳಿದ್ದು ಇಷ್ಟು: "ದೇವರಾಣೆ ಸಾರೇ, ಆ ಹುಡುಗಿಯನ್ನ ಆ ದಿವಸ ನಾನು ಕಂಡದ್ದೇ ಇಲ್ಲ."

"ಕೆರೆ ಹತ್ರ ಬಂದಿದ್ದಾಳೆ, ನೀನು ಅಲ್ಲೇ ಇದ್ದೆ, ಕಂಡಿಲ್ಲ ಅಂದ್ರೆ ಹೇಗೋ?" ಎಂದರು ಅವರು.

ಎರಡು ದಿನ ಸ್ಟೇಷನ್ನಿನಲ್ಲಿ ಇಟ್ಟುಕೊಂಡರು. ಏನೂ ಸಿಗದೆ ಬಿಟ್ಟರು. ಅವನು ಒಂದು ಕಾಲು ಎಳೆದುಕೊಂಡು ಬಂದ. ನಲ್ಲಿಯ ಹತ್ತಿರ ಅವನ ಹೆಂಡತಿ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಹೋಗತೊಡಗಿದರು. ಕುಯ್ಲು ಮುಗಿಯುವ ಮೊದಲೇ ಅವರಿಬ್ಬರೂ ಎಸ್ಟೇಟು ಬಿಟ್ಟು ಹೊರಟುಹೋದರು. ಹೋಗುವಾಗ ನಮ್ಮ ಮನೆಯ ಮುಂದೆಯೇ ಹಾದುಹೋದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

ಕೆರೆಯ ನೀರು ಎತ್ತಿದ ಮರುದಿನ, ಗುರುವಾರ, ಅವ್ವ ಟ್ರಂಕು ತೆರೆದಿದ್ದಳು. ಪೊಲೀಸರು ಅಕ್ಕನ ಫೋಟೋ ಕೇಳಿದ್ದರು, ಅದಕ್ಕೆ. ಫೋಟೋ ತೆಗೆದುಕೊಂಡವಳು ಟ್ರಂಕಿನೊಳಗೇ ನೋಡುತ್ತಾ ಕುಳಿತಳು. ಒಂದೊಂದೇ ಬಟ್ಟೆ ತೆಗೆದು ಹೊರಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹಸುರು ದಾವಣಿ ಎಲ್ಲೇ?"

ನಾನು ಹೊರಗಿಟ್ಟ ಬಟ್ಟೆಗಳನ್ನು ಮಡಿಸತೊಡಗಿದೆ.

"ಪೊಲೀಸ್ರಿಗೆ ನೀನು ನೀಲಿ ಅಂಗಿ ಅಂದೆ. ಕೆಲಸಕ್ಕೋದೋಳು ಹಬ್ಬದ್ ದಾವಣಿ ಯಾಕ್ ತಕ್ಕಂಡೋದ್ಲು? ಬಾಯ್ ಬುಡೇ."

ಆಗ ಎಲ್ಲ ಹೇಳಿದೆ. ಚಾಪೆಯ ಕೆಳಗಿನ ಮಡಿಕೆ, ಪಂಪ್ ಶೆಡ್ಡು, ನಲವತ್ತೊಂದು, ಕೆರೆ. ಸೌದೆಯ ಹಿಂದೆ ಅಡಗಿಸಿಟ್ಟಿದ್ದ ಅಂಗಿ, ಲಂಗವನ್ನು ತಂದು ಅವಳ ಮುಂದೆ ಇಟ್ಟೆ. ಹೊಡೆಯುತ್ತಾಳೆ ಎಂದು ಕಾದೆ. ಅವ್ವ ಹೊಡೆಯಲಿಲ್ಲ. ಅಂಗಿಯನ್ನು ಮೂಗಿಗೆ ಹಿಡಿದುಕೊಂಡು ತುಂಬ ಹೊತ್ತು ಹಾಗೇ ಇದ್ದಳು. ಆಮೇಲೆ ಎದ್ದುಹೋಗಿ ಎರಡನ್ನೂ ಹಂಡೆಯ ಒಲೆಗೆ ಹಾಕಿದಳು.

"ಅಪ್ಪಂಗೆ ಹೇಳ್ಬುಡನ ಕಣವ್ವ" ಎಂದೆ.

"ಹೇಳುದ್ರೆ? ಮನೆ ಹೋಯ್ತದೆ. ಅದ್ ಹೋಗ್ಲಿ ಬುಡು. ದಾವಣಿ ಉಟ್ಕಂಡು ಬೆಳಗ್ಗೆ ಎದ್ದೋದ್ಲು ಅಂದ್ರೆ ಜನ ಏನಂತಾರೆ? ಓಡೋದ್ಲು ಅಂತಾರೆ. ಈಗ ಕಳ್ದೋದ್ಲು ಅಂತಾವ್ರೆ." ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ನನ್ ಮಗಳು ಕಳ್ದೋದೋಳಾಗೇ ಇರ್ಲಿ. ನಾನ್ ಇರೋಗಂಟ ಬಾಯ್ ಬುಡ್ಬೇಡ."

ಅವ್ವನ ಮೇಲೆ ಈಗ ನನಗೆ ಕೋಪವಿಲ್ಲ. ಕೆಲವು ವರ್ಷ ಇತ್ತು. ಆ ಎರಡು ಮಾತುಗಳ ನಡುವೆ ಎಷ್ಟು ಅಂತರವಿದೆ ಎಂಬುದು ಮಗಳಿರುವ ಹೆಂಗಸರಿಗೆ ತಿಳಿಯುತ್ತದೆ. ಓಡಿಹೋದವಳಿಗಾಗಿ ಯಾರೂ ಕೆರೆಯ ನೀರು ಎತ್ತುವುದಿಲ್ಲ.

ಅಕ್ಕನದು ಎಂದು ನಮ್ಮಲ್ಲಿದ್ದದ್ದು ಒಂದೇ ಫೋಟೋ. ನಾವಿಬ್ಬರೂ ಸ್ಟುಡಿಯೋದಲ್ಲಿ ಒಟ್ಟಿಗೆ ತೆಗೆಸಿಕೊಂಡದ್ದು. ಪ್ರಕಟಣೆಗೆ ಅದರಲ್ಲಿ ನನ್ನನ್ನು ಕತ್ತರಿಸಿ ತೆಗೆದರು. ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಅಂಟಿಸಿದ ಆ ಹಾಳೆಯಲ್ಲಿ ಅಕ್ಕನ ಹೆಗಲ ಮೇಲೆ ಒಂದು ಕೈ ಉಳಿದಿತ್ತು. ಕೆಳಗೆ ಬರೆದಿತ್ತು: ನೀಲಿ ಚೌಕುಳಿ ಅಂಗಿ, ಲಂಗ ಧರಿಸಿದ್ದು, ಸಾಯಂಕಾಲ ನಾಲ್ಕೂವರೆಯಿಂದ ಕಾಣೆಯಾಗಿರುತ್ತಾಳೆ. ಆ ಹೊತ್ತಿಗೆ, ಆ ಬಟ್ಟೆಯಲ್ಲಿ ಯಾರೂ ಕಾಣೆಯಾಗಿರಲಿಲ್ಲ. ಹಸಿರು ದಾವಣಿಯ ಹುಡುಗಿಯನ್ನು ಬೆಳಿಗ್ಗೆ ಯಾರಾದರೂ ನೋಡಿದ್ದರೂ, ಆ ಹಾಳೆ ಓದಿ, ಇವಳಲ್ಲ ಎಂದುಕೊಂಡು ಮುಂದೆ ಹೋಗಿರುತ್ತಾರೆ.

ಅಪ್ಪ ಹುಡುಕುವುದನ್ನು ನಿಲ್ಲಿಸಲಿಲ್ಲ. ಭಾನುವಾರ ಬಂದರೆ ಮಡಿಸಿದ ಆ ಹಾಳೆಯನ್ನು ಜೇಬಿಗೆ ಹಾಕಿಕೊಂಡು ಹೊರಡುತ್ತಿದ್ದ. ವಿರಾಜಪೇಟೆ, ಗೋಣಿಕೊಪ್ಪ, ಸಿದ್ದಾಪುರ, ಕುಶಾಲನಗರ. ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರು, ಕಂಡಕ್ಟರುಗಳನ್ನು ಹಿಡಿದು ಕೇಳುತ್ತಿದ್ದ. ಮನೆಗೆ ಬಂದು ಯಾರು ಯಾರನ್ನು ಕೇಳಿದೆ ಎಂದು ಅವ್ವನಿಗೆ ಒಪ್ಪಿಸುತ್ತಿದ್ದ. "ಐದು ಗಂಟೆ ಗಾಡಿಯೋರ್ನ ಕೇಳ್ದೆ. ಐದೂಮುಕ್ಕಾಲಿನ್ದು ಇವತ್ತು ಬೇರೆ ಕಂಡಕ್ಟರು, ಮುಂದಿನ ವಾರ ಬತ್ತಾನಂತೆ. ಲಾಸ್ಟ್ ಬಸ್ಸಿನೋನ್ಗೆ ನೆಪ್ಪಿಲ್ವಂತೆ." ಅವ್ವ ಒಲೆಯ ಕಡೆ ಮುಖ ಮಾಡಿಕೊಂಡು "ಹೂಂ" ಎನ್ನುತ್ತಿದ್ದಳು. ನಾನು ಅನ್ನ ಬಡಿಸುತ್ತಿದ್ದೆ. ಬೆಳಗಿನ ಬಸ್ಸಿನವರನ್ನು ಅವನು ಒಬ್ಬರನ್ನೂ ಕೇಳಲಿಲ್ಲ. ಯಾಕೆ ಕೇಳಬೇಕು? ಬೆಳಿಗ್ಗೆ ಅವನ ಮಗಳು ಹಣ್ಣು ಬಿಡಿಸುತ್ತಿದ್ದಳು ಎಂದು ಎಸ್ಟೇಟಿನ ಪುಸ್ತಕವೇ ಹೇಳುತ್ತಿತ್ತು.

ಒಂಬತ್ತು ವರ್ಷ ಹಾಗೆ ಹೋಗಿ ಬಂದ. ಆಮೇಲೆ ಎದೆನೋವು ಬಂದು ತೀರಿಕೊಂಡ. ಅವನ ಅಂಗಿಯ ಜೇಬಿನಲ್ಲಿ ಆ ಹಾಳೆ ಮಡಿಕೆಯ ಗೆರೆಯಲ್ಲಿ ನಾಲ್ಕು ತುಂಡಾಗಿತ್ತು.

ಆ ಹೊತ್ತಿಗೆ ನಾನು ಮದುವೆಯಾಗಿ ಕುಶಾಲನಗರಕ್ಕೆ ಬಂದಿದ್ದೆ. ನನ್ನ ಗಂಡ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಾರೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಅಪ್ಪ ಹೋದಮೇಲೆ ಅವ್ವನನ್ನು ಇಲ್ಲಿಗೇ ಕರೆದುಕೊಂಡು ಬಂದೆವು. ಒಂದೇ ಮನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಇದ್ದೆವು, ಒಂದು ದಿನವೂ ಆ ಬೆಳಗಿನ ಮಾತೆತ್ತಲಿಲ್ಲ. ಅಕ್ಕನ ಮಾತು ಬರುತ್ತಿತ್ತು. ಅವಳಿಗೆ ಒಣಮೀನು ಇಷ್ಟ, ಅವಳ ಜಡೆ ಹೀಗಿತ್ತು, ನಕ್ಕರೆ ಹಾಗಿರುತ್ತಿತ್ತು. ಭಾನುವಾರದ ತನಕ ಬಂದು ಮಾತು ನಿಂತುಬಿಡುತ್ತಿತ್ತು. ಇಬ್ಬರೂ ಎದ್ದು ಬೇರೆ ಬೇರೆ ಕೆಲಸಕ್ಕೆ ಹೋಗುತ್ತಿದ್ದೆವು.

ಇಲ್ಲಿ ಮನೆಯ ಹೊರಗೆ ಯಾರಿಗೂ ನನಗೊಬ್ಬಳು ಅಕ್ಕ ಇದ್ದಳೆಂದು ತಿಳಿದಿರಲಿಲ್ಲ. ರವಿಕೆಯ ಅಳತೆ ಕೊಡಲು ಬರುವ ಹುಡುಗಿಯರು ಹಸಿರು ಬಟ್ಟೆ ತಂದರೆ ನಾನು ಒಂದು ದಿನ ತಡ ಮಾಡಿ ಕತ್ತರಿ ಹಾಕುತ್ತಿದ್ದೆ. "ಯಾಕಕ್ಕಾ ಲೇಟು? ಕರೆಂಟ್ ಇರ್ಲಿಲ್ವಾ?" ಎನ್ನುತ್ತಿದ್ದರು. ಹೌದು, ಕರೆಂಟಿರಲಿಲ್ಲ ಎನ್ನುತ್ತಿದ್ದೆ.

ಹೋದ ವರ್ಷ ಅವ್ವ ಹಾಸಿಗೆ ಹಿಡಿದಳು. ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಎರಡು ಚಮಚ ಕುಡಿದು ಸಾಕು ಎಂದು ಕೈ ಅಡ್ಡ ಹಿಡಿದಳು.

"ಹಸುರುದೇ ಅಲ್ವಾ ಅವ್ಳು ಉಟ್ಕಂಡಿದ್ದು?"

ಮೂವತ್ತು ವರ್ಷದ ಮೇಲೆ ಅವಳ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.

"ಹೂಂ ಕಣವ್ವ."

"ಚೆನ್ನಾಗ್ ಕಾಣ್ತಿದ್ಲಾ?"

"ಚೆನ್ನಾಗ್ ಕಾಣ್ತಿದ್ಲು."

ಅವ್ವ ಕಣ್ಣು ಮುಚ್ಚಿಕೊಂಡಳು. "ನಾನ್ ನೋಡ್ಲೇ ಇಲ್ಲ" ಎಂದಳು. ಐದನೆಯ ದಿನ ಹೋದಳು.

ಅವ್ವನ ಕಾರ್ಯವೆಲ್ಲ ಮುಗಿದು ನೆಂಟರು ಹೋದಮೇಲೆ ಮನೆಯಲ್ಲಿ ಒಂದು ಸದ್ದಿಲ್ಲದ ಹೊತ್ತು ಬಂತು. ಆಗ ನನಗೆ ಹೊಳೆಯಿತು. ಅಪ್ಪನಿಲ್ಲ, ಅವ್ವನಿಲ್ಲ. ನಮ್ಮ ಪಕ್ಕದ ಸಾಲಿನ ಅಜ್ಜಿ ಎಂದೋ ಹೋಗಿದ್ದಳು. ಅಕ್ಕ ಆ ದಿನ ಬೆಳಿಗ್ಗೆಯೇ ಹೊರಟಿದ್ದಳು ಎಂಬುದನ್ನು ಬಲ್ಲ ಬೇರೆ ಯಾರೂ ನನಗೆ ತಿಳಿದಂತೆ ಉಳಿದಿಲ್ಲ. ನಾನೂ ಹೋದರೆ ಅವಳು ನಾಲ್ಕೂವರೆಗೆ ಕೆರೆಯ ಹತ್ತಿರ ಕಾಣೆಯಾದವಳಾಗಿಯೇ ಉಳಿಯುತ್ತಾಳೆ. ಎಂದಾದರೂ ಎಲ್ಲಾದರೂ ಯಾರಾದರೂ ಹುಡುಕಿದರೆ ಸುಳ್ಳು ಹೊತ್ತಿನಲ್ಲಿ, ಸುಳ್ಳು ಜಾಗದಲ್ಲಿ, ಸುಳ್ಳು ಬಟ್ಟೆಯಲ್ಲಿ ಹುಡುಕುತ್ತಾರೆ.

ಮೊದಲು ಗಂಡನಿಗೆ ಹೇಳಿದೆ. ಅವರು ಊಟ ಮಾಡುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು. ಎಲ್ಲ ಮುಗಿದಮೇಲೆ "ಇಷ್ಟ್ ವರ್ಷ ನನ್ ಹತ್ರಾನೂ ಹೇಳ್ಲಿಲ್ವಲ್ಲ" ಎಂದರು. ಕೋಪದಿಂದ ಅಲ್ಲ. ನನ್ನನ್ನು ಹೊಸದಾಗಿ ನೋಡಿದ ಹಾಗೆ ನೋಡಿದರು. ಕೈತೊಳೆದು ಬಂದು, "ಜೊತೇಲಿ ಬರ್ಲಾ?" ಎಂದರು. ಬೇಡ ಎಂದೆ.

ಕಾವಲಿನವನಿಗೆ ಹೇಳಬೇಕೆಂದು ಹುಡುಕಿದೆ. ಎಸ್ಟೇಟಿನಲ್ಲಿ ಈಗ ಅಸ್ಸಾಮಿನ ಕಡೆಯ ಆಳುಗಳೇ ಹೆಚ್ಚು. ಲೈನಿನಲ್ಲಿ ನಮ್ಮ ಕಾಲದವರು ಒಬ್ಬರೂ ಇಲ್ಲ. ಹೊರಗೆ ಅಂಗಡಿ ಇಟ್ಟಿರುವ ಮುದುಕರೊಬ್ಬರು ಸ್ವಲ್ಪ ಹೊತ್ತು ಯೋಚಿಸಿ, "ಓ, ಆ ಕುಂಟನಾ? ಹೆಣ್ಣ್ ಹಾಳ್ಮಾಡಿ ಓಡಿಹೋದ್ನಲ್ಲ, ಅವ್ನೇ?" ಎಂದರು.

"ಅವ್ರು ಏನೂ ಮಾಡಿರ್ಲಿಲ್ಲ" ಎಂದೆ.

"ನಿಂಗ್ ಹೇಗಮ್ಮ ಗೊತ್ತು?"

"ಆ ಹೆಣ್ಣು ನಮ್ಮಕ್ಕ. ಅವತ್ತು ಅವ್ಳು ಕೆರೆ ಹತ್ರ ಹೋಗೇ ಇಲ್ಲ. ಸುಳ್ಳು ಹೇಳ್ದೋಳು ನಾನು."

ಅವರು ಬಾಟಲಿಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡಿದರು. ಅವನು ಎಲ್ಲಿಗೆ ಹೋದನೆಂದು ಅವರಿಗೆ ತಿಳಿದಿರಲಿಲ್ಲ. ಕೇರಳದ ಕಡೆ ಇರಬೇಕು, ಬದುಕಿದ್ದರೆ ಎಂದರು. ಎಸ್ಟೇಟಿನ ಗೇಟಿನ ಹತ್ತಿರ, ಮಧ್ಯಾಹ್ನದ ಬಿಸಿಲಿನಲ್ಲಿ, ಆ ಮಾತನ್ನು ಮೊದಲ ಸಲ ಹೊರಗಿನವರಿಗೆ ಹೇಳಿದ್ದೆ. ನಾನು ಹೇಳಬೇಕಾಗಿದ್ದ ಮನುಷ್ಯ ಮಾತ್ರ ಅಲ್ಲಿರಲಿಲ್ಲ.

ಮರುವಾರ ಸ್ಟೇಷನ್ನಿಗೆ ಹೋದೆ. ಅಲ್ಲಿದ್ದ ಮಹಿಳಾ ಪೊಲೀಸು ನನ್ನ ಮಗಳ ವಯಸ್ಸಿನವಳು. ಅಕ್ಕ ಕಾಣೆಯಾದಾಗ ಅವಳು ಹುಟ್ಟಿರಲಿಲ್ಲ. ಕುಳಿತುಕೊಳ್ಳಲು ಕುರ್ಚಿ ಕೊಟ್ಟಳು. ಹಳೆಯ ಫೈಲು ಇದೆಯೋ ಇಲ್ಲವೋ ನೋಡಬೇಕು ಎಂದು ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಬರಿಗೈಯಲ್ಲಿ ಬಂದಳು.

"ಇಷ್ಟು ವರ್ಷ ಆದ್ಮೇಲೆ ಟೈಮ್ ಚೇಂಜ್ ಮಾಡ್ಸಿ ಏನ್ ಮಾಡ್ತೀರಮ್ಮ?"

"ಏನೂ ಮಾಡಕ್ಕಾಗಲ್ಲಮ್ಮ. ನಿಜ ಒಂದ್ ಕಡೆ ಬರ್ದಿರ್ಲಿ ಅಂತ."

ಅವಳು ನನ್ನ ಮುಖ ನೋಡಿ ಒಂದು ಬಿಳಿ ಹಾಳೆ ಎಳೆದುಕೊಂಡಳು. ನಾನು ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ಒಬ್ಬರಿಗೊಬ್ಬರು ಓಗೊಡುತ್ತಿದ್ದ ವಿಷಯಕ್ಕೆ ಬಂದಾಗ ಪೆನ್ನು ನಿಲ್ಲಿಸಿದಳು.

"ಅಂದ್ರೆ ಯಾರೂ ಎಣಿಸ್ತಿರ್ಲಿಲ್ವಾ? ತಲೆ ಎಷ್ಟಿದೆ ಅಂತ?"

"ನಂಬರ್ ಎಣಿಸ್ತಿದ್ರು."

"ಬಟ್ಟೆ?"

"ಹಸಿರು ದಾವಣಿ."

"ಅಂಚು ಯಾವ ಬಣ್ಣ?"

ನನಗೆ ನೆನಪಾಗಲಿಲ್ಲ. ಹಳದಿ ಇರಬಹುದು, ಕೆಂಪೂ ಇರಬಹುದು. ಮೂವತ್ತು ವರ್ಷ ಅದೇ ದಾವಣಿಯನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದವಳಿಗೆ ಅದರ ಅಂಚು ಗೊತ್ತಿಲ್ಲ ಎಂಬುದು ಆ ಕುರ್ಚಿಯಲ್ಲಿ ಕುಳಿತಾಗ ತಿಳಿಯಿತು. ನಾನು ಅಳುವುದಿಲ್ಲ ಎಂದುಕೊಂಡು ಹೋಗಿದ್ದೆ. ಅವಳು ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿ, ಬಾಗಿಲಾಚೆ ನೋಡುತ್ತಾ ಕುಳಿತಳು.

"ಇನ್ನೊಂದ್ ಬರೀಬೇಕಮ್ಮ" ಎಂದೆ ಆಮೇಲೆ. "ಕಣದ ಕಾವಲಿನವ್ರು ಹೇಳಿದ್ದು ನಿಜ. ಅವ್ರು ಅವಳನ್ನ ಕಂಡಿರ್ಲಿಲ್ಲ."

ಅದನ್ನೂ ಬರೆದಳು. ಎಲ್ಲವನ್ನೂ ಓದಿ ಹೇಳಿದಳು. ನನ್ನ ಜೀವನದಲ್ಲಿ ನಾನು ಕೇಳಿದ ಅತಿ ಚಿಕ್ಕ ಕಥೆ ಅದು, ಒಂದೂವರೆ ಪುಟ. ಓದಿ ಮುಗಿಸಿ ಕೇಳಿದಳು, "ರಸ್ತೆಗೆ ಬಂದ್ಮೇಲೆ ಯಾವ ಕಡೆ ಹೋದ್ರು?"

"ಗೊತ್ತಿಲ್ಲ."

"ಬಸ್ಸಾ? ನಡ್ಕೊಂಡಾ? ಯಾರಾದ್ರೂ ಕಾಯ್ತಾ ಇದ್ರಾ?"

"ಗೊತ್ತಿಲ್ಲಮ್ಮ. ನಾನ್ ತಿರುಗಿ ನೋಡ್ಲಿಲ್ಲ."

ಅವಳು ಅದನ್ನು ಹಾಗೆಯೇ ಬರೆದು ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ನಾನು ಸಹಿ ಹಾಕಿದೆ. ಹೊರಗೆ ಬಂದಾಗ ಮೂರು ಗಂಟೆಯಿರಬಹುದು. ಶಾಲೆ ಬಿಟ್ಟಿರಲಿಲ್ಲ, ರಸ್ತೆ ಖಾಲಿಯಿತ್ತು. ಹಗುರವಾಯಿತೇ ಎಂದು ಗಂಡ ರಾತ್ರಿ ಊಟಕ್ಕೆ ಕುಳಿತಾಗ ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳುವುದನ್ನು ಬಿಟ್ಟಿದ್ದೆ.

ಅಕ್ಕ ಬೆಳಿಗ್ಗೆ ಏಳೂವರೆಗೆ ಹಸಿರು ದಾವಣಿ ಉಟ್ಟು ಹೊರಟಳು ಎಂಬುದು ಈಗ ಒಂದು ಹಾಳೆಯಲ್ಲಿ ಇದೆ. ಅವಳು ಎಲ್ಲಿಗೆ ಹೋದಳು, ಯಾಕೆ ಹೋದಳು ಎಂಬುದು ಎಲ್ಲಿಯೂ ಇಲ್ಲ. ಅವಳೂ ಸಿಕ್ಕಿಲ್ಲ.